ಖಾಲಿ ಜಾಗಕ್ಕೆ ಯಜಮಾನ ಯಾರು?

(ವೆಬ್ ಪುಟ ಕಟ್ಟುವವರ ಮುಂದೆ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಬರೆದದ್ದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಪರದೆ ನೋಡಿ. ಒಂದು ಸಾದಾ ಫಾರ್ಮ್ ಇದೆ. ಹೆಸರು, ಈಮೇಲ್, ಫೋನ್, ವಿಳಾಸ. ನಾಲ್ಕು ಲೇಬಲ್, ನಾಲ್ಕು ಬಾಕ್ಸ್. ಪ್ರತಿ ಲೇಬಲ್ ತನ್ನ ಬಾಕ್ಸ್‌ನ ಮೇಲೆ ಕೂತಿದೆ. ಎಲ್ಲ ಕಡೆಯೂ 16 ಪಿಕ್ಸೆಲ್ ಅಂತರ. ನೋಡಲು ಅಚ್ಚುಕಟ್ಟಾಗಿಯೇ ಇದೆ ಅಲ್ವಾ?

ಈಗ ಫಾರ್ಮ್‌ನ ನಡುಭಾಗವನ್ನು ಮಾತ್ರ ತೋರಿಸುತ್ತೇನೆ. 'ಫೋನ್' ಅನ್ನುವ ಲೇಬಲ್ ಯಾವ ಬಾಕ್ಸ್‌ನದ್ದು? ಮೇಲಿನದ್ದೋ, ಕೆಳಗಿನದ್ದೋ? ಅರ್ಧ ಜನ ಮೇಲಕ್ಕೆ ಬೆರಳು ತೋರಿಸುತ್ತಿದ್ದೀರಿ. ತಪ್ಪು ನಿಮ್ಮದಲ್ಲ. ಎರಡೂ ಬಾಕ್ಸ್‌ಗಳು ಅದಕ್ಕೆ ಅಷ್ಟೇ ದೂರದಲ್ಲಿವೆ.

ಬಣ್ಣ, ಗೆರೆ, ಅಕ್ಷರದ ಗಾತ್ರ ಯಾವುದನ್ನೂ ಮುಟ್ಟುವುದಿಲ್ಲ. ಲೇಬಲ್‌ಗೂ ಅದರ ಬಾಕ್ಸ್‌ಗೂ ನಡುವೆ 8 ಪಿಕ್ಸೆಲ್ ಮಾಡುತ್ತೇನೆ. ಒಂದು ಜೋಡಿಗೂ ಮುಂದಿನ ಜೋಡಿಗೂ ನಡುವೆ 24. ಅಷ್ಟೇ. ಈಗ ಯಾರಿಗೂ ಅನುಮಾನವಿಲ್ಲ. ಫಾರ್ಮ್ ಉದ್ದವಾಯಿತಾ ಅಂದರೆ ಅದೂ ಇಲ್ಲ. ಲೆಕ್ಕ ಹಾಕಿ: ಮೊದಲು ಏಳು ಅಂತರಗಳು ಸೇರಿ 112 ಪಿಕ್ಸೆಲ್ ಇತ್ತು. ಈಗ 104. ಜಾಗ ಕಡಿಮೆಯಾಗಿದೆ, ಅರ್ಥ ಜಾಸ್ತಿಯಾಗಿದೆ.

ಹತ್ತಿರ ಇರುವುದನ್ನು ಕಣ್ಣು ಒಂದು ಗುಂಪು ಅಂತ ಓದುತ್ತದೆ. ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞ 1923ರಲ್ಲಿ ಸುಮ್ನೆ ಚುಕ್ಕೆಗಳ ಸಾಲುಗಳನ್ನು ಇಟ್ಟು ಇದನ್ನು ತೋರಿಸಿದರು. ಚುಕ್ಕೆಗಳೆಲ್ಲ ಒಂದೇ ಥರ. ಅಂತರ ಮಾತ್ರ ಬೇರೆ. ಆದರೂ ನೋಡುವವರಿಗೆ ಜೋಡಿ ಜೋಡಿಯಾಗಿ ಕಾಣುತ್ತವೆ. ಗೆಸ್ಟಾಲ್ಟ್ ಅಂತ ಡಿಸೈನ್ ಪಾಠಗಳಲ್ಲಿ ಬರುವುದರ ಒಂದು ತುಣುಕು ಇದು.

ಇವತ್ತು ನಾನು ಹೇಳಬೇಕಾಗಿರುವುದು ಇಲ್ಲಿಂದ ಒಂದೇ ಹೆಜ್ಜೆ ಮುಂದೆ. ಆ 24 ಪಿಕ್ಸೆಲ್ ಯಾರದ್ದು? ಮೇಲಿನ ಜೋಡಿಯದ್ದೂ ಅಲ್ಲ, ಕೆಳಗಿನದ್ದೂ ಅಲ್ಲ. ಅದು ಅವೆರಡರ ನಡುವಿನ ಸಂಬಂಧ. ಹಾಗಾಗಿ ಅದನ್ನು ತೀರ್ಮಾನಿಸಬೇಕಾದದ್ದು ಇಬ್ಬರನ್ನೂ ಒಳಗಿಟ್ಟುಕೊಂಡಿರುವ ಹೊರಗಿನ ಪೆಟ್ಟಿಗೆ. ಡಿಸೈನ್‌ನಲ್ಲಿ ಇದನ್ನು ಒಪ್ಪದವರು ಕಡಿಮೆ. ಕೋಡ್ ಬರೆಯಲು ಕೂತಾಗ ಮಾತ್ರ ಬಹಳ ಮಂದಿ ಮರೆಯುತ್ತಾರೆ.

ಅದಕ್ಕೆ ಮುಂಚೆ ಒಂದು ಜಗಳ ಮುಗಿಸಿಬಿಡೋಣ. "ಇಷ್ಟೊಂದು ಜಾಗ ಯಾಕೆ ಖಾಲಿ ಬಿಟ್ಟಿದ್ದೀರಿ? ಏನಾದರೂ ತುಂಬಿಸಿ." ಕೇಳಿಲ್ಲದವರು ಈ ಕೋಣೆಯಲ್ಲಿ ಯಾರೂ ಇರಲಿಕ್ಕಿಲ್ಲ. ಡಿಸೈನರ್‌ಗಳು ತಕ್ಷಣ "ಖಾಲಿ ಜಾಗ ಉಸಿರಾಡಲು ಬೇಕು" ಅನ್ನುತ್ತಾರೆ. ನನಗೆ ಆ ಉತ್ತರವೂ ಇಷ್ಟವಿಲ್ಲ. ಪುಟ ಉಸಿರಾಡುವುದಿಲ್ಲ. ಅಂತರ ಏನನ್ನಾದರೂ ಹೇಳುತ್ತಿದ್ದರೆ ಇರಲಿ, ಹೇಳದಿದ್ದರೆ ಕೇಳಿದವರ ಮಾತೇ ಸರಿ.

ಈಚಿನ ಎಷ್ಟೋ 'ಕ್ಲೀನ್' ಪುಟಗಳ ತೊಂದರೆ ಇದೇ. ಎಲ್ಲೆಲ್ಲೂ 80 ಪಿಕ್ಸೆಲ್. ಶೀರ್ಷಿಕೆಯ ಮೇಲೆ 80, ಕೆಳಗೆ 80, ಚಿತ್ರಕ್ಕೆ 80, ಚಿತ್ರದ ವಿವರಣೆಗೆ 80. ನೋಡಲು ದುಬಾರಿ ಅನ್ನಿಸುತ್ತದೆ, ಆದರೆ ಶೀರ್ಷಿಕೆ ಯಾವ ಪ್ಯಾರಾದ್ದು ಅಂತ ಓದುಗ ಹುಡುಕಬೇಕು. ನಾವು ಆಗಲೇ ನೋಡಿದ ಫಾರ್ಮ್‌ನ ರೋಗವೇ, ದೊಡ್ಡ ಸೈಜಿನಲ್ಲಿ. ಇನ್ನೊಂದು ಕಡೆ, ನೂರಾರು ಸಾಲಿನ ಅಂಕಿಅಂಶದ ಕೋಷ್ಟಕವಿದೆ ಅಂದುಕೊಳ್ಳಿ. ಸಾಲು ಸಾಲು ಹೋಲಿಸಿ ನೋಡುವವರಿಗೆ ಅದು ಒತ್ತೊತ್ತಾಗಿಯೇ ಇರಬೇಕು. ಅಲ್ಲಿ ಜಾಗ ಬಿಡುತ್ತಾ ಹೋದರೆ ಸ್ಕ್ರೋಲ್ ಮಾಡಿ ಮಾಡಿ ಸುಸ್ತು. ಲೆಕ್ಕಕ್ಕೆ ಬರುವುದು ಅನುಪಾತ. ಗುಂಪಿನ ಒಳಗಿನ ಅಂತರ ಗುಂಪುಗಳ ನಡುವಿನದಕ್ಕಿಂತ ಚಿಕ್ಕದಿರಬೇಕು. ಎಷ್ಟು ಚಿಕ್ಕದು? ಅಳತೆಪಟ್ಟಿ ಇಲ್ಲದೆ ಗೊತ್ತಾಗುವಷ್ಟು.

ಇನ್ನು ಕೋಡ್‌ಗೆ ಬರೋಣ. ಸ್ವಲ್ಪ ಹಳೇ ಕಥೆ ಬೇಕು.

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಮ್‌ಎಲ್‌ನಲ್ಲಿ ನೀವು ಹತ್ತು ಸ್ಪೇಸ್ ಒತ್ತಿದರೂ ಬ್ರೌಸರ್ ತೋರಿಸುವುದು ಒಂದೇ. ಎಂಟರ್ ಎಷ್ಟು ಸಲ ಒತ್ತಿದರೂ ಅಷ್ಟೇ. ಕೋಡ್‌ನಲ್ಲಿರುವ ಖಾಲಿ ಜಾಗ ಬರೆಯುವವರ ಅನುಕೂಲಕ್ಕೆ, ಓದುವವರಿಗೆ ಅಲ್ಲ ಅನ್ನುವ ತೀರ್ಮಾನ ಅದು. ಒಳ್ಳೆಯ ತೀರ್ಮಾನವೇ. ಆದರೆ 1990ರ ದಶಕದ ಮಧ್ಯದಲ್ಲಿ ಪುಟ ಕಟ್ಟುವವರಿಗೆ ಜಾಗ ಬಿಡಲು ಬೇರೆ ದಾರಿಯೂ ಇರಲಿಲ್ಲ. ಹಾಗಾಗಿ ಒಂದು ಉಪಾಯ ಹುಟ್ಟಿತು. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಪಾರದರ್ಶಕ ಜಿಫ್ ಚಿತ್ರ. ಕಣ್ಣಿಗೆ ಕಾಣದು. ಅದರ ಅಗಲ 40 ಅಂತ ಬರೆದರೆ 40 ಪಿಕ್ಸೆಲ್ ಜಾಗ ಸಿಕ್ಕಿತು. ಡೇವಿಡ್ ಸೀಗಲ್ ಅನ್ನುವ ಡಿಸೈನರ್ ಇದನ್ನು ಜನಪ್ರಿಯ ಮಾಡಿದರು. ಟೇಬಲ್ ಒಳಗೆ ಟೇಬಲ್, ಅದರೊಳಗೆ ಈ ಕಾಣದ ಚಿತ್ರ. ಒಂದಿಡೀ ಪೀಳಿಗೆಯ ವೆಬ್ ಹೀಗೇ ನಿಂತಿತ್ತು.

ನೆಟ್‌ಸ್ಕೇಪ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಚಿತ್ರದ ಬದಲು 'ಸ್ಪೇಸರ್' ಅನ್ನುವ ಟ್ಯಾಗನ್ನೇ ತಂದರು. ಅದು ಎಂದೂ ಸ್ಟ್ಯಾಂಡರ್ಡ್ ಆಗಲಿಲ್ಲ. ನೆಟ್‌ಸ್ಕೇಪ್‌ನ ವಂಶದ ಫೈರ್‌ಫಾಕ್ಸ್ ಕೂಡ 4ನೇ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿತು. ಪೆಟ್ಟಿಗೆಯ ಹೊರಗೆ ಬಿಡುವ ಜಾಗ ಮಾರ್ಜಿನ್, ಒಳಗೆ ಬಿಡುವ ಜಾಗ ಪ್ಯಾಡಿಂಗ್. ಎರಡೂ 1996ರ ಡಿಸೆಂಬರ್‌ನಲ್ಲಿ ಬಂದ ಮೊದಲ ಸಿಎಸ್‌ಎಸ್‌ನಲ್ಲೇ (ಪುಟದ ರೂಪ ಹೇಳುವ ಭಾಷೆ) ಇದ್ದವು. ಬ್ರೌಸರ್‌ಗಳು ಅದನ್ನು ಸರಿಯಾಗಿ ಪಾಲಿಸಲು ವರ್ಷಗಳೇ ಹಿಡಿದವು, ಅಷ್ಟೇ. ಈಮೇಲ್ ಟೆಂಪ್ಲೇಟ್ ಮಾಡುವವರು ಇಲ್ಲಿದ್ದರೆ ನಗುತ್ತಿರುತ್ತೀರಿ. ವಿಂಡೋಸ್‌ನ ಹಳೇ ಮಾದರಿಯ ಔಟ್‌ಲುಕ್ 2007ರಿಂದ ಈಮೇಲ್ ತೋರಿಸಲು ವರ್ಡ್‌ನ ಎಂಜಿನ್ ಬಳಸುತ್ತದೆ. ಅಲ್ಲಿ ಇವತ್ತಿಗೂ ಟೇಬಲ್ಲೇ ಗತಿ, ಖಾಲಿ ಸೆಲ್ಲೇ ಗತಿ. ನಿಮಗೆ ನನ್ನ ಸಹಾನುಭೂತಿ.

ಜಿಫ್ ಹೋಯಿತು. ಅದರ ಬುದ್ಧಿ ಉಳಿಯಿತು. ಎರಡು ಸಲ ಬಿಆರ್ ಟ್ಯಾಗ್, ಅಂದರೆ ಸಾಲು ಮುರಿಯುವ ಗುರುತು. ಒಳಗೆ ಬರೀ ಒಂದು ಎನ್‌ಬಿಎಸ್‌ಪಿ (ಬ್ರೌಸರ್ ನುಂಗದ ಸ್ಪೇಸ್) ಇರುವ ಖಾಲಿ ಪ್ಯಾರಾ. 'ಸ್ಪೇಸರ್-40' ಅನ್ನುವ ಕ್ಲಾಸ್ ಹೆಸರು ಹೊತ್ತ ಖಾಲಿ ಡಿವ್, ಅಂದರೆ ಖಾಲಿ ಪೆಟ್ಟಿಗೆ. ವರ್ಡ್‌ಪ್ರೆಸ್‌ನ ಎಡಿಟರ್‌ನಲ್ಲಿ ಸ್ಪೇಸರ್ ಅನ್ನುವ ಬ್ಲಾಕ್ ಇದೆ. ಎಳೆದು ಹಾಕಿದರೆ 100 ಪಿಕ್ಸೆಲ್ ಜಾಗ.

ಬಳಸಿದರೆ ಏನು ತಪ್ಪು? ಕಾಣುವುದು ಸರಿಯಾಗೇ ಕಾಣುತ್ತದಲ್ಲ?

ಇವತ್ತು ಕಾಣುತ್ತದೆ. ದೊಡ್ಡ ಪರದೆಯಲ್ಲಿ ಮಾಡಿದ 100 ಪಿಕ್ಸೆಲ್ ಫೋನ್‌ನಲ್ಲೂ 100 ಪಿಕ್ಸೆಲ್ಲೇ. ಅಲ್ಲಿ ಅದು ಪರದೆಯ ಏಳನೇ ಒಂದು ಭಾಗ ತಿನ್ನಬಹುದು. ಆರು ತಿಂಗಳ ಮೇಲೆ ನಡುವಿನ ಒಂದು ಭಾಗ ತೆಗೆದುಹಾಕುತ್ತೀರಿ. ಅದರ ಮೇಲಿನ ಸ್ಪೇಸರ್, ಕೆಳಗಿನ ಸ್ಪೇಸರ್ ಎರಡೂ ಉಳಿದು 200 ಪಿಕ್ಸೆಲ್‌ನ ಹಳ್ಳ ಬೀಳುತ್ತದೆ. ಎನ್‌ಬಿಎಸ್‌ಪಿ ತುಂಬಿದ ಪ್ಯಾರಾಗಳನ್ನು ಕೆಲವು ಸ್ಕ್ರೀನ್ ರೀಡರ್‌ಗಳು "ಖಾಲಿ" ಅಂತ ಓದಿ ಹೇಳುತ್ತವೆ. ಕಣ್ಣು ಕಾಣದವರು ಲೇಖನದ ನಡುವೆ "ಖಾಲಿ, ಖಾಲಿ" ಕೇಳಿಕೊಂಡು ಹೋಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಇಷ್ಟು ಜಾಗ ಯಾಕಿದೆ ಅನ್ನುವುದು ಕೋಡ್‌ನಲ್ಲಿ ಎಲ್ಲೂ ಇರುವುದಿಲ್ಲ. ಸಂಬಂಧವೊಂದನ್ನು ವಸ್ತುವನ್ನಾಗಿ ಮಾಡಿ ನಡುವೆ ಕೂರಿಸಿದ ಹಾಗಾಯಿತು.

ನ್ಯಾಯವಾಗಿ ಹೇಳಬೇಕು, ಸ್ಪೇಸರ್ ಅನ್ನುವ ವಿಚಾರವೇ ಕೆಟ್ಟದ್ದಲ್ಲ. ಆ್ಯಪ್ ಕಟ್ಟುವ ಸಲಕರಣೆಗಳನ್ನೇ ನೋಡಿ. ಆಪಲ್‌ನ ಸ್ವಿಫ್ಟ್‌ಯುಐನಲ್ಲಿ ಸ್ಪೇಸರ್ ಅಧಿಕೃತವಾಗಿಯೇ ಇದೆ. ಗೂಗಲ್‌ನ ಫ್ಲಟರ್‌ನಲ್ಲಿ ಸೈಜ್ಡ್‌ಬಾಕ್ಸ್ ಹಾಕಿ ಜಾಗ ಬಿಡುವುದು ದಿನನಿತ್ಯದ ರೂಢಿ. ಸ್ವಿಫ್ಟ್‌ಯುಐನ ಸ್ಪೇಸರ್ ಉಳಿದ ಜಾಗವನ್ನೆಲ್ಲ ತಾನೇ ನುಂಗಿ ಅಕ್ಕಪಕ್ಕದವುಗಳನ್ನು ಅಂಚಿಗೆ ತಳ್ಳುತ್ತದೆ. ಸಿಎಸ್‌ಎಸ್‌ನಲ್ಲಿ ಐಟಂಗಳನ್ನು ಸಾಲಾಗಿ ಹೊಂದಿಸುವ ಫ್ಲೆಕ್ಸ್‌ಬಾಕ್ಸ್‌ನಲ್ಲಿ ಅದೇ ಕೆಲಸಕ್ಕೆ ಮಾರ್ಜಿನ್ 'ಆಟೋ' ಇದೆ. ಮೆನುವಿನ ಕೊನೆಯ ಬಟನ್ ಒಂದನ್ನೇ ಬಲತುದಿಗೆ ಕಳಿಸಬೇಕಾದರೆ ಅದರ ಎಡ ಮಾರ್ಜಿನ್ ಆಟೋ ಮಾಡಿ, ಸಾಕು.

ಸರಿ, ಖಾಲಿ ಡಿವ್ ಬಿಟ್ಟು ಮಾರ್ಜಿನ್ ಹಾಕಿದೆವು. ಮುಗಿಯಿತಾ? ಇಲ್ಲ. ಕಾರ್ಡ್ ಒಂದನ್ನು ಮಾಡಿ ಅದಕ್ಕೆ ಕೆಳಗೆ 24 ಪಿಕ್ಸೆಲ್ ಮಾರ್ಜಿನ್ ಕೊಟ್ಟಿರಿ ಅನ್ನಿ. ಪಟ್ಟಿಯಲ್ಲಿ ಚೆನ್ನಾಗಿದೆ. ಅದೇ ಕಾರ್ಡನ್ನು ಸೈಡ್‌ಬಾರ್‌ಗೆ ಒಯ್ದರೆ ಅಲ್ಲಿ 12 ಬೇಕು. ಪಾಪ್‌ಅಪ್‌ನಲ್ಲಿ ಒಂದೇ ಕಾರ್ಡ್ ಇದೆ, ಅಲ್ಲಿ ಸೊನ್ನೆ ಬೇಕು. ಪಟ್ಟಿಯ ಕೊನೆಯ ಕಾರ್ಡ್‌ನ ಕೆಳಗೂ ಬೇಡದ 24 ಜೋತುಬಿದ್ದಿದೆ. ಆಗ 'ಲಾಸ್ಟ್-ಚೈಲ್ಡ್' (ಕೊನೆಯದಕ್ಕೆ ಮಾತ್ರ ಅನ್ನುವ ನಿಯಮ) ಬರೆದು ಅದನ್ನು ಅಳಿಸುತ್ತೀರಿ. ಆಮೇಲೆ ಅದನ್ನು ಅಳಿಸುವುದನ್ನು ಅಳಿಸಲು ಇನ್ನೊಂದು ಸಾಲು. ಎರಡು ಮನೆಗಳ ನಡುವಿನ ಓಣಿಯನ್ನು ಒಂದು ಮನೆಯ ಪತ್ರದಲ್ಲಿ ಬರೆಸಿಟ್ಟರೆ ಹೇಗೋ ಹಾಗೆ. ಆ ಮನೆ ಮಾರಿದ ದಿನ ಓಣಿಯ ತಕರಾರು ಶುರು.

ಇದರ ಮೇಲೆ ಮಾರ್ಜಿನ್ ಕೊಲ್ಯಾಪ್ಸ್ ಬೇರೆ. ಒಂದರ ಕೆಳಗೆ ಒಂದು ಬರುವ ಎರಡು ಬ್ಲಾಕ್‌ಗಳ ಮಾರ್ಜಿನ್‌ಗಳು ಕೂಡುವುದಿಲ್ಲ, ದೊಡ್ಡದು ಮಾತ್ರ ಉಳಿಯುತ್ತದೆ. ಮೇಲಿನದ್ದು 30, ಕೆಳಗಿನದ್ದು 20 ಇದ್ದರೆ ಸಿಗುವುದು 50 ಅಲ್ಲ, 30. ಅಡ್ಡಕ್ಕೆ ಹೀಗಾಗುವುದಿಲ್ಲ, ಮೇಲೆ ಕೆಳಗೆ ಮಾತ್ರ. ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್ (ಚೌಕಳಿಯಾಗಿ ಹೊಂದಿಸುವ ವಿಧಾನ) ಒಳಗಿನ ಐಟಂಗಳ ನಡುವೆ ಆಗುವುದೇ ಇಲ್ಲ. ಇನ್ನೂ ತಮಾಷೆ ಅಂದರೆ, ತಾಯಿ ಡಿವ್‌ಗೆ, ಅಂದರೆ ಹೊರಗಿನ ಪೆಟ್ಟಿಗೆಗೆ, ಪ್ಯಾಡಿಂಗ್ ಅಥವಾ ಬಾರ್ಡರ್ ಇಲ್ಲದಿದ್ದರೆ ಮೊದಲ ಮಗುವಿನ ಮೇಲ್ಮಾರ್ಜಿನ್ ತಾಯಿಯ ಹೊರಗೆ ಬಂದು ನಿಲ್ಲುತ್ತದೆ. ಹೊಸಬರು ಇದನ್ನು ಬಗ್ ಅಂದುಕೊಂಡು ಒಂದು ಮಧ್ಯಾಹ್ನ ಕಳೆಯುತ್ತಾರೆ. ಬಗ್ ಅಲ್ಲ. ಶೀರ್ಷಿಕೆ, ಪ್ಯಾರಾ, ಪಟ್ಟಿ ಹೀಗೆ ಹರಿಯುವ ಬರಹಕ್ಕೆ ಇದು ಜಾಣ ನಿಯಮ. ಯಾವುದರ ನಂತರ ಯಾವುದು ಬಂದರೂ ಅಂತರ ದುಪ್ಪಟ್ಟಾಗುವುದಿಲ್ಲ. ಕಾರ್ಡು, ಬಟನ್ನು, ಪ್ಯಾನೆಲ್ಲುಗಳ ಲೋಕಕ್ಕೆ ಮಾತ್ರ ಅದು ಒಗ್ಗುವುದಿಲ್ಲ.

ಆ ಲೋಕಕ್ಕೆ ಇರುವುದು ಗ್ಯಾಪ್. 2017ರ ಮಾರ್ಚ್‌ನಲ್ಲಿ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಬಂತು, ಜೊತೆಗೆ ಗ್ರಿಡ್‌ನ ಗ್ಯಾಪ್ ಕೂಡ. ಫ್ಲೆಕ್ಸ್‌ಬಾಕ್ಸ್‌ಗೆ ಗ್ಯಾಪ್ ಬರುವುದು ತಡವಾಯಿತು. ಫೈರ್‌ಫಾಕ್ಸ್‌ಗೆ 2018ರಲ್ಲಿ, ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ. ಈಗ ಎಲ್ಲೆಡೆ ಕೆಲಸ ಮಾಡುತ್ತದೆ. ಗ್ಯಾಪ್ ತಾಯಿಯ ಮೇಲೆ ಬರೆಯುವ ಮಾತು: "ನನ್ನೊಳಗಿರುವವರ ನಡುವೆ ಇಷ್ಟು ಜಾಗ." ಮೊದಲನೆಯದರ ಮುಂಚೆ ಇಲ್ಲ, ಕೊನೆಯದರ ನಂತರ ಇಲ್ಲ, ನಡುವೆ ಮಾತ್ರ. ಕಾರ್ಡ್‌ಗೆ ತನ್ನ ಹೊರಗಿನ ಲೋಕದ ಚಿಂತೆಯೇ ಇಲ್ಲ. ಒಂದು ಕಾರ್ಡ್ ತೆಗೆದರೆ ಅದರ ಅಂತರವೂ ಅದರೊಂದಿಗೇ ಹೋಗುತ್ತದೆ.

ಲೇಖನದಂಥ ಹರಿಯುವ ಬರಹದಲ್ಲಿ ನಾನು ಈಗಲೂ ಮಾರ್ಜಿನ್ನೇ ಬಳಸುತ್ತೇನೆ. ಅಲ್ಲೂ ತಾಯಿಯ ಕಡೆಯಿಂದ ಹೇಳಿಸಬಹುದು. "ನನ್ನೊಳಗೆ ಒಂದರ ನಂತರ ಇನ್ನೊಂದು ಬಂದರೆ, ನಂತರ ಬಂದದ್ದಕ್ಕೆ ಮೇಲೆ ಇಷ್ಟು" ಅನ್ನುವ ಸೆಲೆಕ್ಟರ್ (ನಿಯಮ ಯಾವುದಕ್ಕೆ ಅಂತ ಆರಿಸುವ ಗುರುತು) ಇದೆ: ಸ್ಟಾರ್, ಪ್ಲಸ್, ಸ್ಟಾರ್. ಹೇಡನ್ ಪಿಕರಿಂಗ್ 2014ರಲ್ಲಿ ಇದರ ಬಗ್ಗೆ ಬರೆದು ಗೂಬೆಯ ಮುಖಕ್ಕೆ ಹೋಲಿಸಿ ಹೆಸರಿಟ್ಟರು. ಬರೆದು ನೋಡಿ, ನಿಜಕ್ಕೂ ಗೂಬೆಯ ಹಾಗೇ ಕಾಣುತ್ತದೆ. ಶೀರ್ಷಿಕೆಗೆ ಮಾತ್ರ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕೊಡಿ. ಅದು ತನ್ನ ಕೆಳಗಿನ ಬರಹಕ್ಕೆ ಸೇರಿದ್ದು, ಮೇಲೆ ಮುಗಿದದ್ದಕ್ಕಲ್ಲ.

ಪ್ಯಾಡಿಂಗ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ, ಅಲ್ಲಿ ಗೊಂದಲ ಕಡಿಮೆ. ಅದು ಆಯಾ ಪೆಟ್ಟಿಗೆಯ ಸ್ವಂತ ಜಾಗ. ಹಿನ್ನೆಲೆ ಬಣ್ಣ ಅಲ್ಲಿಯವರೆಗೂ ಹರಡುತ್ತದೆ, ಬೆರಳು ಒತ್ತಿದರೆ ಅಲ್ಲೂ ಕೆಲಸ ಮಾಡುತ್ತದೆ. ಮಾರ್ಜಿನ್ ಮೇಲೆ ಒತ್ತಿದರೆ ಏನೂ ಆಗದು. ಚಿಕ್ಕ ಐಕಾನ್‌ಗಳ ನಡುವೆ ಮಾರ್ಜಿನ್ ಸುರಿಯುವ ಬದಲು ಐಕಾನ್‌ಗಳಿಗೇ ಪ್ಯಾಡಿಂಗ್ ಕೊಡಿ ಅನ್ನುವುದು ಇದಕ್ಕೇ. ವೆಬ್ ಎಲ್ಲರಿಗೂ ಎಟುಕಬೇಕು ಅನ್ನುವ ಮಾರ್ಗಸೂಚಿ, 2023ರ ಡಬ್ಲ್ಯುಸಿಎಜಿ 2.2 ಪ್ರಕಾರ ಒತ್ತುವ ಜಾಗ ಕನಿಷ್ಠ 24 ಗುಣಿಸು 24 ಪಿಕ್ಸೆಲ್ ಇರಬೇಕು. ಅದಕ್ಕಿಂತ ಚಿಕ್ಕದಿದ್ದರೆ ಸುತ್ತ ಸಾಕಷ್ಟು ಅಂತರವಾದರೂ ಇರಬೇಕು. ನನ್ನ ಕೇಳಿದರೆ 24 ಕೂಡ ಬಿಗಿ. ಅದೇ ಮಾರ್ಗಸೂಚಿಯ ಮೇಲಿನ ಹಂತ ಕೇಳುವ 44 ನನಗೆ ಸರಿ ಅನ್ನಿಸುತ್ತದೆ.

ಅಂಕಿಗಳನ್ನು ಎಲ್ಲಿಂದ ತರಬೇಕು? 4, 8, 12, 16, 24, 32, 48, 64, 96. ಇವಿಷ್ಟನ್ನು ಸಿಎಸ್‌ಎಸ್ ವೇರಿಯಬಲ್‌ಗಳಾಗಿ ಇಟ್ಟುಕೊಳ್ಳಿ, ಇವುಗಳ ಹೊರಗೆ ಹೋಗಬೇಡಿ. ನಾಲ್ಕರ ಮಗ್ಗಿಯಲ್ಲಿ ಮಂತ್ರವೇನೂ ಇಲ್ಲ. 16ರ ಪಕ್ಕ 18 ಇದ್ದರೆ ಕಣ್ಣಿಗೆ ಅದು ಉದ್ದೇಶ ಅನ್ನಿಸುವುದಿಲ್ಲ, ಎಲ್ಲೋ ಜರುಗಿದೆ ಅನ್ನಿಸುತ್ತದೆ. ಪಟ್ಟಿಯಲ್ಲಿ ಮೇಲೆ ಹೋದಂತೆ ಹೆಜ್ಜೆ ದೊಡ್ಡದಾಗುವುದೂ ಅದಕ್ಕೇ. 8ಕ್ಕೂ 12ಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. 92ಕ್ಕೂ 96ಕ್ಕೂ ಇರುವುದು ಯಾರಿಗೂ ಕಾಣದು. ಬರೆಯುವಾಗ ಪಿಕ್ಸೆಲ್ ಬದಲು ರೆಮ್‌ನಲ್ಲಿ (ಪುಟದ ಮೂಲ ಅಕ್ಷರ ಗಾತ್ರದ ಅಳತೆಯಲ್ಲಿ) ಬರೆದರೆ ಒಳ್ಳೆಯದು. ಬ್ರೌಸರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಪ್ಯಾರಾಗಳ ನಡುವಿನ ಜಾಗವೂ ಜೊತೆಗೇ ಹಿಗ್ಗುತ್ತದೆ.

ಈಗ ನನಗೆ ಅತಿ ಇಷ್ಟವಾದ ಭಾಗ. ಇಲ್ಲಿಯವರೆಗೆ ಹೇಳಿದ್ದು ಯಾವ ಲಿಪಿಗಾದರೂ ಆದೀತು. ಸಾಲುಗಳ ನಡುವಿನ ಜಾಗ ಹಾಗಲ್ಲ.

ರೆಡಿಮೇಡ್ ಟೆಂಪ್ಲೇಟ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ನೋಡಿಕೊಂಡು ಮಾಡಿದವು. ಶೀರ್ಷಿಕೆಗೆ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು ಇಟ್ಟಿರುತ್ತಾರೆ. ಅಲ್ಲಿ 'ರಾಷ್ಟ್ರೀಯ' ಅಂತ ಹಾಕಿ, ಕೆಳಗಿನ ಸಾಲಿನಲ್ಲಿ 'ಕೀರ್ತಿ' ಬರುವಂತೆ ಮಾಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡು ಒತ್ತು ಒಂದರಡಿ ಒಂದು ಬಂದಾಗಲಂತೂ ಇನ್ನೂ ಇಕ್ಕಟ್ಟು. ಕನ್ನಡಕ್ಕೆ ನಾನು ಪ್ಯಾರಾಗಳಲ್ಲಿ 1.7ರಿಂದ ಶುರು ಮಾಡುತ್ತೇನೆ, ಶೀರ್ಷಿಕೆಗೆ 1.4ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಫಾಂಟ್ ಬದಲಾದರೆ ಇದೂ ಬದಲಾಗುತ್ತದೆ. 'ಸ್ತ್ರೀ', 'ರಾಷ್ಟ್ರ', 'ವೈಶಿಷ್ಟ್ಯ' ಇಂಥ ಪದಗಳನ್ನು ಒಂದರ ಕೆಳಗೆ ಒಂದು ಪೇರಿಸಿ ಪರೀಕ್ಷೆ ಮಾಡಿ. ಬರೀ 'ಅಮಲ ಕಮಲ' ಬರೆದು ನೋಡಿದರೆ ಎಲ್ಲ ಫಾಂಟೂ ಪಾಸ್.

ಲೈನ್-ಹೈಟ್ ಬರೆಯುವಾಗ ಅಂಕಿ ಮಾತ್ರ ಬರೆಯಿರಿ. ಇಡೀ ಪುಟವನ್ನು ಹೊತ್ತ 'ಬಾಡಿ' ಟ್ಯಾಗ್‌ಗೆ 150 ಪರ್ಸೆಂಟ್ ಅಂತ ಕೊಟ್ಟರೆ ಬ್ರೌಸರ್ ಅದರ ಅಕ್ಷರದ ಗಾತ್ರ 16ರ ಮೇಲೆ ಲೆಕ್ಕ ಹಾಕಿ 24 ಪಿಕ್ಸೆಲ್ ಮಾಡುತ್ತದೆ. ಆ 24 ಹಾಗೇ ಮಕ್ಕಳಿಗೆ ಹೋಗುತ್ತದೆ. 32 ಪಿಕ್ಸೆಲ್‌ನ ಶೀರ್ಷಿಕೆಗೆ 24ರ ಸಾಲು! ಬರೀ 1.5 ಅಂತ ಬರೆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಗಾತ್ರಕ್ಕೆ ಲೆಕ್ಕ ಹಾಕಿಕೊಳ್ಳುತ್ತಾರೆ.

ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ, ಉಕ್ಕಿದ್ದನ್ನು ಮರೆಮಾಡಿದ ಬಾಕ್ಸ್‌ಗಳು ಇನ್ನೊಂದು ಕಾಟ. ಕೊನೆಯ ಸಾಲಿನ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗಿರುತ್ತದೆ. ಓದುಗರು ತಮಗೆ ಬೇಕಾದಂತೆ ಸಾಲಿನ ಅಂತರ 1.5ಕ್ಕೆ, ಪ್ಯಾರಾ ಅಂತರ ಅಕ್ಷರದ ಎರಡು ಪಟ್ಟಿಗೆ ಏರಿಸಿಕೊಂಡರೂ ಪುಟ ಮುರಿಯಬಾರದು ಅಂತ 2018ರ ಡಬ್ಲ್ಯುಸಿಎಜಿ 2.1 ಹೇಳುತ್ತದೆ. ಎತ್ತರ ಕಟ್ಟಿಹಾಕಿದ ಬಾಕ್ಸ್‌ಗಳು ಅಲ್ಲೂ ಫೇಲ್ ಆಗುತ್ತವೆ. ಹೈಟ್ ಬಿಡಿ, ಪ್ಯಾಡಿಂಗ್ ಕೊಡಿ.

ಸಾಲಿನ ಉದ್ದಕ್ಕೆ '65 ಸಿಎಚ್' ಅನ್ನುವ ಸಲಹೆ ಎಲ್ಲ ಕಡೆ ಕಾಣುತ್ತದೆ. ಸಿಎಚ್ ಅಂದರೆ ಆ ಫಾಂಟ್‌ನ ಸೊನ್ನೆ ಅಂಕಿಯ (0) ಅಗಲ. ನಮ್ಮ ಅಕ್ಷರಗಳು ಸಾಮಾನ್ಯವಾಗಿ ಅದಕ್ಕಿಂತ ಅಗಲ. ಹಾಗಾಗಿ ಅಷ್ಟೇ ಜಾಗದಲ್ಲಿ ಕಡಿಮೆ ಅಕ್ಷರ ಕೂರುತ್ತವೆ. ಅದರ ಮೇಲೆ 'ಹೇಳಬೇಕಾಗಿರುವುದರಿಂದ' ಥರದ ಉದ್ದದ ಪದಗಳು. ಇಂಥ ಬರಹವನ್ನು ಕಿರಿದಾದ ಕಾಲಂನಲ್ಲಿ ಎರಡೂ ಅಂಚಿಗೆ ಜಸ್ಟಿಫೈ ಮಾಡಿದರೆ ಪದಗಳ ನಡುವೆ ಗುಂಡಿಗಳು ಬೀಳುತ್ತವೆ. ಎಡಕ್ಕೆ ಹೊಂದಿಸಿ, ಬಲಗಡೆ ಏರುಪೇರಾಗಲಿ ಬಿಡಿ. ಫೋನ್‌ನಲ್ಲಿ ಕನ್ನಡವನ್ನು ಜಸ್ಟಿಫೈ ಮಾಡುವುದಕ್ಕೆ ಒಂದೇ ಒಂದು ಒಳ್ಳೆಯ ಕಾರಣ ನನಗೆ ಈವರೆಗೆ ಸಿಕ್ಕಿಲ್ಲ.

ಇನ್ನು ಪ್ರಶ್ನೆಗಳು.

"ಫೋನ್‌ನಲ್ಲಿ ಜಾಗವೇ ಇಲ್ಲ. ಅಲ್ಲಿ ಎಲ್ಲ ಅಂತರವನ್ನೂ ಅರ್ಧ ಮಾಡಬಹುದಾ?"

ಎಲ್ಲವನ್ನೂ ಬೇಡ. ದೊಡ್ಡವನ್ನು ಕುಗ್ಗಿಸಿ, ಚಿಕ್ಕವನ್ನು ಹಾಗೇ ಬಿಡಿ. ಭಾಗಗಳ ನಡುವಿನ 96 ಫೋನ್‌ನಲ್ಲಿ 48 ಆಗಲಿ. ಲೇಬಲ್‌ಗೂ ಬಾಕ್ಸ್‌ಗೂ ನಡುವಿನ 8, ಎಂಟೇ ಇರಲಿ. ಅದನ್ನು 4 ಮಾಡಿದರೆ ಅಂಟಿಕೊಳ್ಳುತ್ತದೆ. ದೊಡ್ಡ ಅಂತರಕ್ಕೆ ಕ್ಲ್ಯಾಂಪ್ ಫಂಕ್ಷನ್ ಬಳಸಿದರೆ ಕನಿಷ್ಠ, ಗರಿಷ್ಠ ಎರಡನ್ನೂ ಕೊಟ್ಟು ನಡುವೆ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಬದಲಾಗುವಂತೆ ಮಾಡಬಹುದು.

"ಪ್ಯಾಡಿಂಗ್ ನಾಲ್ಕೂ ಕಡೆ 24 ಕೊಟ್ಟರೂ ಮೇಲೆ ಕೆಳಗೆ ಜಾಸ್ತಿ ಕಾಣುತ್ತದೆ. ಯಾಕೆ?"

ಲೈನ್-ಹೈಟ್‌ನಿಂದ. ಅದರ ಹೆಚ್ಚುವರಿ ಜಾಗ ಅರ್ಧ ಸಾಲಿನ ಮೇಲೆ, ಅರ್ಧ ಕೆಳಗೆ ಹಂಚಿಹೋಗುತ್ತದೆ. ಮೊದಲ ಸಾಲಿನ ಮೇಲೂ ಅದು ಬರುತ್ತದೆ, ನಿಮ್ಮ 24ರ ಜೊತೆ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಲು ಟೆಕ್ಸ್ಟ್-ಬಾಕ್ಸ್-ಟ್ರಿಮ್ ಅನ್ನುವ ಹೊಸ ಪ್ರಾಪರ್ಟಿ ಬಂದಿದೆ. ಆದರೆ ಕನ್ನಡಕ್ಕೆ ಹುಷಾರು. ಕೆಳಗಡೆ ಬೇಸ್‌ಲೈನ್‌ವರೆಗೆ (ಅಕ್ಷರಗಳು ಕೂರುವ ಗೆರೆಯವರೆಗೆ) ಕತ್ತರಿಸಿದರೆ ಒತ್ತಕ್ಷರಗಳು ಪ್ಯಾಡಿಂಗ್ ಒಳಗೆ ಇಳಿಯುತ್ತವೆ. ಸದ್ಯಕ್ಕೆ ನಾನು ಮೇಲೆ ಕೆಳಗೆ 20, ಪಕ್ಕಗಳಿಗೆ 24 ಕೊಟ್ಟು ಸುಮ್ಮನಾಗುತ್ತೇನೆ. ಈಗ ತಾನೇ ಕೊಟ್ಟ ಪಟ್ಟಿಯಲ್ಲಿ 20 ಇಲ್ಲ, ಗೊತ್ತು.

"ಹಳೇ ಪ್ರಾಜೆಕ್ಟ್ ಒಂದು ತಲೆ ಮೇಲೆ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ?"

ಎಲ್ಲ ಎಲಿಮೆಂಟ್‌ಗಳಿಗೂ ಒಂದು ಪಿಕ್ಸೆಲ್‌ನ ಕೆಂಪು ಔಟ್‌ಲೈನ್ ಹಾಕಿ ಪುಟ ತೆರೆಯಿರಿ. ಬಾರ್ಡರ್ ಬೇಡ, ಅದು ಜಾಗ ತಿಂದು ಲೇಔಟನ್ನೇ ಜರುಗಿಸುತ್ತದೆ. ಔಟ್‌ಲೈನ್ ಜಾಗ ತಿನ್ನುವುದಿಲ್ಲ. ಒಳಗೆ ಏನೂ ಇಲ್ಲದ ಕೆಂಪು ಪೆಟ್ಟಿಗೆಗಳು ಎಲ್ಲೆಲ್ಲಿವೆ ಅಂತ ಎದ್ದು ಕಾಣುತ್ತದೆ. ಒಂದನ್ನು ಅಳಿಸಿ, ಅದರ ತಾಯಿಗೆ ಗ್ಯಾಪ್ ಕೊಡಿ. ಫೋನ್ ಅಗಲದಲ್ಲೂ ನೋಡಿ. ಆಮೇಲೆ ಮುಂದಿನದ್ದು. ಒಂದೇ ದಿನ ಎಲ್ಲ ಕಿತ್ತುಹಾಕಲು ಹೋಗಬೇಡಿ. ಆ ಸ್ಪೇಸರ್‌ಗಳಲ್ಲಿ ಕೆಲವು ಬೇರೆ ಯಾವುದೋ ತಪ್ಪನ್ನು ಮುಚ್ಚಿಟ್ಟುಕೊಂಡು ನಿಂತಿರುತ್ತವೆ.